ಸಂಕ್ರಾಂತಿಯ ತನಕ ಕೀ ಮುಟ್ಟಬಾರದು

ನಿವೃತ್ತನಾದವನು ಬರೆಯಲು ಕುಳಿತರೆ ನೆನಪುಗಳು ಮದುವೆ ಮನೆಯಲ್ಲಿ ಫೋಟೋಗೆ ನಿಂತವರ ಹಾಗೆ ಸಾಲಾಗಿ ನಿಂತುಬಿಡುತ್ತವೆ. ಎತ್ತರದವರು ಹಿಂದೆ, ಗಿಡ್ಡವರು ಮುಂದೆ, ಎಲ್ಲರ ಮುಖದಲ್ಲೂ ನಗು. ಅಂಥ ಸಾಲನ್ನು ನಾನು ನಂಬುವುದಿಲ್ಲ. ಡಲ್ಲಾಸ್‌ನ ಉತ್ತರಕ್ಕೆ, ಲಿಟಲ್ ಎಲ್ಮ್ ದಾಟಿ ಪ್ರಾಸ್ಪರ್ ಕಡೆ ಹೋಗುವ ದಾರಿಯಲ್ಲಿದ್ದ ಒಂದು ಟ್ರ್ಯಾಕ್ಟರ್ ಅಂಗಡಿಯ ಸರ್ವಿಸ್ ವಿಭಾಗದಲ್ಲಿ ನಾನು ದುಡಿದದ್ದು ನಿಜ. ಚಳಿಗಾಲದಲ್ಲಿ ಬಯಲಲ್ಲಿ ನಿಲ್ಲುವ ಟ್ರ್ಯಾಕ್ಟರುಗಳ ಬ್ಯಾಟರಿ ನೋಡಿಕೊಳ್ಳುವ ಕೆಲಸ ನನ್ನ ಪಾಲಿಗೆ ಬಂದದ್ದೂ ನಿಜ. ಉಳಿದದ್ದನ್ನು ಈ ಕೆಲಸಕ್ಕೆ ಹೊಸದಾಗಿ ಸೇರುವವರು ಮೀಟರ್ ಇಟ್ಟು ಅಳೆದು ನೋಡಿ ಆಮೇಲೆ ಒಪ್ಪಿಕೊಳ್ಳಲಿ.

ಹುಬ್ಬಳ್ಳಿಯ ಟ್ರ್ಯಾಕ್ಟರ್ ವರ್ಕ್‌ಶಾಪಿನಲ್ಲಿದ್ದವನು ನಾನು. ಹೆಂಡತಿ ಗಿರಿಜಾ ನರ್ಸ್. ಅವಳಿಗೆ ಡಲ್ಲಾಸ್‌ನಲ್ಲಿ ಕೆಲಸ ಸಿಕ್ಕಿತು, ಅವಳ ಸಾಮಾನಿನ ಜೊತೆ ನಾನೂ ಬಂದೆ. ಕನ್ನಡದವರ ಕೂಟಗಳಲ್ಲಿ ಆಗ ಎಲ್ಲರೂ ಕೇಳುತ್ತಿದ್ದುದು ಯಾವ ಪ್ಲಾಟ್‌ಫಾರ್ಮಿನ ಮೇಲೆ ಕೆಲಸ ಎಂದು. ಟ್ರ್ಯಾಕ್ಟರ್ ಅನ್ನುತ್ತಿದ್ದೆ. ಅದೂ ಹೊಸದೊಂದು ಸಾಫ್ಟ್‌ವೇರ್ ಇರಬೇಕೆಂದು ತಲೆಯಾಡಿಸಿ ಚಿತ್ರಾನ್ನದ ಕಡೆ ಹೋಗುತ್ತಿದ್ದರು.

ಹುಬ್ಬಳ್ಳಿಯಲ್ಲಿ ಬ್ಯಾಟರಿಗೆ ಶತ್ರು ಬಿಸಿಲು. ಚಳಿಯ ಪಾಠ ಆದದ್ದು ಟೆಕ್ಸಾಸ್‌ನಲ್ಲಿ. ಅಲ್ಲಿನ ಚಳಿ ಹೇಳಿ ಕೇಳಿ ಬರುವಂಥದ್ದಲ್ಲ. ಮಧ್ಯಾಹ್ನ ಅರ್ಧ ತೋಳಿನ ಅಂಗಿಯಲ್ಲಿ ಓಡಾಡುತ್ತಿರುತ್ತೇವೆ, ಸಂಜೆಗೆ ಉತ್ತರದ ಗಾಳಿ ಬೀಸಿ ಬೆಳಗ್ಗೆ ಬೋನೆಟ್ಟಿನ ಮೇಲೆ ಹಿಮ. ಇಷ್ಟು ಗೊತ್ತಿದ್ದರೆ ಅರ್ಧ ಕೆಲಸ ಗೊತ್ತಾದ ಹಾಗೆ: ತುಂಬ ಚಾರ್ಜ್ ಇರುವ ಬ್ಯಾಟರಿಗೆ ಈ ಚಳಿ ಏನೂ ಮಾಡದು. ಖಾಲಿಯಾದ ಬ್ಯಾಟರಿಯೊಳಗೆ ಆಸಿಡ್ಡಿನ ಕಸುವು ಇಳಿದು ಹೆಚ್ಚುಕಡಿಮೆ ನೀರೇ ಉಳಿದಿರುತ್ತದೆ. ನೀರು ಹೆಪ್ಪುಗಟ್ಟುತ್ತದೆ, ಉಬ್ಬುತ್ತದೆ, ಡಬ್ಬಿ ಸೀಳುತ್ತದೆ.

ನೀರಿನ ವಿಷಯ ಬಂತು. ಒಂದು ಚಳಿಯ ಸಂಜೆ ಒಂದು ಸಾಲು ಬ್ಯಾಟರಿಗಳಿಗೆಲ್ಲ ಶುದ್ಧ ನೀರು ತುಂಬಿ, ಚಾರ್ಜಿಗೆ ಹಾಕದೆ, ಕರ್ತವ್ಯ ಮುಗಿಸಿದ ಸಂತೋಷದಲ್ಲಿ ಮನೆಗೆ ಹೋದವನೊಬ್ಬ ನಮ್ಮ ಅಂಗಡಿಯಲ್ಲಿದ್ದ. ಚಾರ್ಜ್ ಆಗದಿದ್ದರೆ ಹೊಸ ನೀರು ಆಸಿಡ್ಡಿನೊಡನೆ ಬೆರೆಯದೆ ಮೇಲೆಯೇ ನಿಲ್ಲುತ್ತದೆ. ಬೆಳಗ್ಗೆ ಬಂದು ನೋಡಿದರೆ ಮುಚ್ಚಳಗಳೆಲ್ಲ ಟೋಪಿ ತೆಗೆದು ನಮಸ್ಕಾರ ಮಾಡುತ್ತಿದ್ದವು. ಅದನ್ನು ಮಾಡಿದವನು ಬಿಡಿಭಾಗಗಳ ಕೌಂಟರಿನ ಕರ್ಟಿಸ್ ಎಂದು ನನಗೆ ಚೆನ್ನಾಗಿ ನೆನಪಿದೆ. ನಾನೇ ಎಂದು ಕರ್ಟಿಸ್‌ಗೆ ಅಷ್ಟೇ ಚೆನ್ನಾಗಿ ನೆನಪಿದೆ. ನಮ್ಮ ಸ್ನೇಹ ಉಳಿದಿರುವುದೇ ಈ ಎರಡು ನೆನಪುಗಳ ಮೇಲೆ.

ಇನ್ನು ನಮ್ಮ ಮ್ಯಾನೇಜರ್ ಡ್ವೇನ್. ಎತ್ತರದ ಮನುಷ್ಯ, ದೊಡ್ಡ ಡೀಸೆಲ್ ಪಿಕಪ್ ಟ್ರಕ್ಕು, ಅದಕ್ಕಿಂತ ದೊಡ್ಡ ನಂಬಿಕೆಗಳು. ಅವನ ನಿಯಮ ಇದು: ಅಂಗಳದಲ್ಲಿರುವ ಪ್ರತಿ ಟ್ರ್ಯಾಕ್ಟರನ್ನೂ ಚಳಿಗಾಲದಲ್ಲಿ ಶುಕ್ರವಾರಕ್ಕೊಮ್ಮೆ ಸ್ಟಾರ್ಟ್ ಮಾಡಿ ಐದು ನಿಮಿಷ ಓಡಿಸಬೇಕು. ಬ್ಯಾಟರಿ ಚುರುಕಾಗಿರುತ್ತದಂತೆ. ಅವನ ತಾತ ಹಾಗೆ ಮಾಡುತ್ತಿದ್ದನಂತೆ. ಹೀಗೆ ಶುಕ್ರವಾರ ಮಧ್ಯಾಹ್ನ ಅಂಗಳದ ತುಂಬ ಹೊಗೆ, ಗದ್ದಲ, ಒಂದು ಬಗೆಯ ಜಾತ್ರೆ. ಫೆಬ್ರವರಿ ಹೊತ್ತಿಗೆ ಅರ್ಧದಷ್ಟು ಬ್ಯಾಟರಿ ಸತ್ತಿರುತ್ತಿದ್ದವು. ಕರ್ಟಿಸ್ ಹೊಸ ಬ್ಯಾಟರಿಗಳನ್ನು ಬಿಲ್ ಮಾಡುತ್ತ, ಈ ಸಲ ಚಳಿ ಜೋರು ಎನ್ನುತ್ತಿದ್ದ.

ನಾನು ಡ್ವೇನ್‌ಗೆ ವಿವರಿಸಿದೆ. ತಣ್ಣಗಿನ ಡೀಸೆಲ್ ಎಂಜಿನ್ನನ್ನು ಕಾಯಿಸಿ ತಿರುಗಿಸಲು ಬ್ಯಾಟರಿ ಕೊಡುವುದು ಬಹಳ, ಐದು ನಿಮಿಷದಲ್ಲಿ ಅದು ವಾಪಸು ಪಡೆಯುವುದು ಅತ್ಯಲ್ಪ, ಪ್ರತಿ ಶುಕ್ರವಾರ ನಾವು ಅದನ್ನು ಇಷ್ಟಿಷ್ಟೇ ಕೊಲ್ಲುತ್ತಿದ್ದೇವೆ. ಮೈನಸ್ ಕೇಬಲ್ ಬಿಚ್ಚಿ, ಟರ್ಮಿನಲ್ಲನ್ನು ಅಡಿಗೆ ಸೋಡಾದಲ್ಲಿ ತೊಳೆದು ಒರೆಸಿ, ವ್ಯಾಸಲೀನ್ ಹಚ್ಚಿ, ಚಾರ್ಜರಿನಲ್ಲಿ ಪೂರ್ತಿ ತುಂಬಿಸಿ ಸುಮ್ಮನೆ ಬಿಟ್ಟರೆ ಸಾಕು. ತಿಂಗಳಿಗೊಮ್ಮೆ ಮೀಟರ್ ಇಟ್ಟು ನೋಡಬೇಕು, ಹನ್ನೆರಡೂವರೆ ವೋಲ್ಟಿಗಿಂತ ಇಳಿದಿದ್ದರೆ ಮತ್ತೆ ಚಾರ್ಜ್. ಡ್ವೇನ್ ತಾಳ್ಮೆಯಿಂದ ಕೇಳಿ, ಇದು ನನ್ನ ಅಭಿಪ್ರಾಯ ಎಂದು ಗೌರವಿಸುವುದಾಗಿ ಹೇಳಿದ. ರಸಾಯನಶಾಸ್ತ್ರವನ್ನು ಅಭಿಪ್ರಾಯ ಎಂದು ಗೌರವಿಸುವ ಮೇಲಧಿಕಾರಿ ಸಿಕ್ಕರೆ ವಾದ ಮಾಡಬೇಡಿ. ಕಾಯಿರಿ.

ಹೀಗೆ ಕೆಲವು ಚಳಿಗಾಲ ಕಾದೆ. ಎಷ್ಟು ಎಂದು ಕೇಳಬೇಡಿ. ಗಿರಿಜಾ ಮೂರು ಎನ್ನುತ್ತಾಳೆ, ನನಗೆ ಅದು ಒಂದೇ ಉದ್ದನೆಯ ಚಳಿಗಾಲದ ಹಾಗಿದೆ.

ಅಷ್ಟರಲ್ಲಿ ಪ್ರಾಸ್ಪರ್ ಸುತ್ತಮುತ್ತ ನಮ್ಮವರು ಜಮೀನು ಕೊಳ್ಳತೊಡಗಿದರು. ಹಗಲೆಲ್ಲ ಕಂಪ್ಯೂಟರಿನ ಮುಂದೆ ಕೂತು, ವಾರಾಂತ್ಯಕ್ಕೆ ನಾಲ್ಕೈದು ಎಕರೆ ಹುಲ್ಲಿನ ಒಡೆಯರು. ಹುಲ್ಲು ಕೊಯ್ದರೆ ಅದು ಕೃಷಿ ಭೂಮಿ, ತೆರಿಗೆ ಕಡಿಮೆ. ಹುಲ್ಲು ಕೊಯ್ಯಲು ಟ್ರ್ಯಾಕ್ಟರ್ ಬೇಕು. ಕಂಪನಿಯ ವರ್ಷಾಂತ್ಯದ ರಿಯಾಯಿತಿ ಡಿಸೆಂಬರಿನಲ್ಲಿ. ಒಂದು ಡಿಸೆಂಬರಿನಲ್ಲಿ ಬೆಂಗಳೂರು ಮೈಸೂರಿನವರ ಒಂದು ದೊಡ್ಡ ಗುಂಪು ಸೇರಿ, ಚೌಕಾಸಿ ಮಾಡಿ, ಒಂದೇ ಬಾರಿಗೆ ಒಂದು ಸಾಲು ಸಣ್ಣ ಟ್ರ್ಯಾಕ್ಟರುಗಳನ್ನು ಕೊಂಡರು. ಡ್ವೇನ್ ಹಿಗ್ಗಿ, ಕೀಲಿಗಳಿಗೆ ಕೆಂಪು ರಿಬ್ಬನ್ ಕಟ್ಟಿ ಕೈಗೆ ಕೊಟ್ಟ. ಆಗ ಅವರು ಹೇಳಿದರು: ಗಾಡಿ ಈಗ ಬೇಡ, ಧನುರ್ಮಾಸ, ಸಂಕ್ರಾಂತಿ ದಿನ ಬಂದು ಪೂಜೆ ಮಾಡಿಸಿ ಒಯ್ಯುತ್ತೇವೆ, ಅಲ್ಲಿಯವರೆಗೆ ಯಾರೂ ಸ್ಟಾರ್ಟ್ ಮಾಡಕೂಡದು.

ಸಹಿ ಮಾಡಿ ದುಡ್ಡು ಕೊಡುವುದಕ್ಕೆ ಧನುರ್ಮಾಸ ಅಡ್ಡಿಯಾಗಲಿಲ್ಲವೆ ಎಂದು ನಾನು ಕೇಳಿದೆ. ಅದು ಬರೀ ಪೇಪರ್ ವರ್ಕ್ ಎಂದು ಭಟ್ಟರು ಒಪ್ಪಿಗೆ ಕೊಟ್ಟಿದ್ದರಂತೆ. ಈ ಭಟ್ಟರು ವಾರದ ದಿನಗಳಲ್ಲಿ ಒಂದು ಟೆಲಿಕಾಂ ಕಂಪನಿಯಲ್ಲಿ ಟೆಸ್ಟಿಂಗ್ ಮಾಡುವವರು. ಯಾವುದು ಪಾಸ್, ಯಾವುದು ಫೇಲ್ ಎಂದು ಹೇಳುವ ಅಭ್ಯಾಸ ಎರಡೂ ಕಡೆ ಉಪಯೋಗಕ್ಕೆ ಬರುತ್ತಿತ್ತು.

ನಮ್ಮ ಮನೆಯಲ್ಲಿ ಧನುರ್ಮಾಸವೆಂದರೆ ಹುಗ್ಗಿ, ಅದರ ಮೇಲೆ ತುಪ್ಪ, ಅಷ್ಟೆ. ಆದರೆ ಆ ಸಂಜೆ ನನಗೆ ಒಂದು ವಿಷಯ ಹೊಳೆದು ಕೂದಲು ನೆಟ್ಟಗಾಯಿತು. ಪಂಚಾಂಗ ಮತ್ತು ಬ್ಯಾಟರಿಯ ಕೈಪಿಡಿ ಒಂದೇ ಮಾತು ಹೇಳುತ್ತಿದ್ದವು: ಚಳಿಯಲ್ಲಿ ಸುಮ್ಮಸುಮ್ಮನೆ ಸ್ಟಾರ್ಟ್ ಮಾಡಬೇಡ. ನಾನು ಡ್ವೇನ್ ಬಳಿ ಹೋಗಿ, ಗಂಭೀರ ಮುಖ ಮಾಡಿಕೊಂಡು, ಶುಕ್ರವಾರದ ಸ್ಟಾರ್ಟು ಗ್ರಾಹಕರ ಧರ್ಮಕ್ಕೆ ವಿರುದ್ಧ ಎಂದೆ. ಡ್ವೇನ್ ಟೋಪಿ ತೆಗೆದ. ತಾತನಿಗಾಗಿ ರಸಾಯನಶಾಸ್ತ್ರವನ್ನು ತಳ್ಳಿಹಾಕಿದವನು ದೇವರ ಮುಂದೆ ಒಂದೇ ನಿಮಿಷದಲ್ಲಿ ತಾತನನ್ನು ಬಿಟ್ಟುಕೊಟ್ಟ. ಮೈನಸ್ ಕೇಬಲ್ ಬಿಚ್ಚುವುದೂ ಧರ್ಮವೇ ಎಂದು ಕೇಳಿದ. ಬಹಳ ಮುಖ್ಯವಾದ ಧರ್ಮ ಎಂದೆ. ಚಾರ್ಜ್ ಮಾಡಬಹುದೋ ಎಂದ. ಅದನ್ನು ಭಟ್ಟರಿಗೇ ಫೋನ್ ಮಾಡಿ ಕೇಳಿದೆ.

“ಚಾರ್ಜ್ ಮಾಡೋದು ಅಂದ್ರೆ ಹಸುಗೆ ಹುಲ್ಲು ಹಾಕಿದ ಹಾಗೆ. ಅದಕ್ಕೇನೂ ದೋಷ ಇಲ್ಲ,” ಎಂದರು ಭಟ್ಟರು. “ಗಾಡಿ ಓಡ್ಸೋದು ಬೇಡ, ಅಷ್ಟೆ.”

ಡ್ವೇನ್ ಒಪ್ಪಿದ, ಆದರೆ ಬೆರಳೆತ್ತಿ ಒಂದು ಮಾತು ಹೇಳಿದ. ತಿಂಗಳು ಪೂರ್ತಿ ಸ್ಟಾರ್ಟ್ ಮಾಡದ ಟ್ರ್ಯಾಕ್ಟರುಗಳು ಆ ದಿನ ಅಷ್ಟು ಜನ ಗ್ರಾಹಕರ ಮುಂದೆ ಸ್ಟಾರ್ಟ್ ಆಗಬೇಕು. ಒಂದು ಆಗದಿದ್ದರೂ ಮಾರನೆಯ ದಿನ ನಾನು ಬರಬೇಕಾಗಿಲ್ಲ. ನಕ್ಕುಕೊಂಡು ಹೇಳಿದನೆಂದು ಕರ್ಟಿಸ್ ನೆನಪಿಸಿಕೊಳ್ಳುತ್ತಾನೆ. ಕರ್ಟಿಸ್‌ನ ಕೆಲಸ ಹೋಗುವುದಿರಲಿಲ್ಲ, ಅವನಿಗೆ ನಗು ಕಂಡಿರಬಹುದು. ಗಿರಿಜಾ ಆಗ ಬೆನ್ನುನೋವಿನಿಂದ ಆಸ್ಪತ್ರೆಯ ಕೆಲಸ ಬಿಟ್ಟು ಮನೆಯಲ್ಲಿದ್ದಳು. ನನಗೆ ನಗು ಕಾಣಲಿಲ್ಲ.

ಎಲ್ಲವನ್ನೂ ಚಾರ್ಜ್ ಮಾಡಿ, ಕೇಬಲ್ ಬಿಚ್ಚಿ, ಇಂಗ್ಲಿಷಿನಲ್ಲಿ ಒಂದು ಎಚ್ಚರಿಕೆಯ ಚೀಟಿ ತೂಗುಹಾಕಿದೆ. ಮುಂದಿನ ಶನಿವಾರ ಅಂಗಳಕ್ಕೆ ಬಂದರೆ ಒಂದು ಟ್ರ್ಯಾಕ್ಟರಿನ ಹೆಡ್‌ಲೈಟು ಉರಿಯುತ್ತಿದೆ. ಸೀಟಿನ ಮೇಲೆ ರವೀಂದ್ರ ಕೂತಿದ್ದಾನೆ. ಡೇಟಾಬೇಸ್ ಕೆಲಸದವನು, ಪ್ರಾಸ್ಪರ್‌ನಲ್ಲಿ ಜಮೀನು ಕೊಂಡವರಲ್ಲಿ ಮೊದಲಿಗ. ಯಾರೋ ನೆಂಟರು ಫೋಟೋ ತೆಗೆಯುತ್ತಿದ್ದಾರೆ.

“ಏನ್ರೀ ಇದು, ಸಂಕ್ರಾಂತಿತನಕ ಮುಟ್ಟಂಗಿಲ್ಲ ಅಂತ ನೀವ ಹೇಳಿದ್ರಲ್ಲ?”

“ಸ್ಟಾರ್ಟ್ ಮಾಡಿಲ್ಲ ಅಂಕಲ್. ಕೀ ಮಾತ್ರ ತಿರುಗ್ಸಿದ್ವಿ. ಲೈಟು, ಹಾರ್ನು. ಭಟ್ಟರು ಅದಕ್ಕೇನೂ ಹೇಳಿಲ್ಲ.”

“ಕೇಬಲ್ ಬಿಚ್ಚಿದ್ನಲ್ರೀ ನಾ.”

“ಅದು ನೀವು ಬಿಚ್ಚಿದ್ದಾ? ಲೂಸ್ ಆಗಿ ಬಿದ್ದಿದೆ ಅಂತ ನಾವೇ ಟೈಟ್ ಮಾಡಿದ್ವಿ.”

ವಿಷಯ ಅಲ್ಲಿಗೆ ನಿಂತಿರಲಿಲ್ಲ. ರವೀಂದ್ರ ತಮ್ಮ ಇ-ಮೇಲ್ ಗುಂಪಿಗೆ ಬರೆದಿದ್ದ: ಎಲ್ಲ ಗಾಡಿಗಳಲ್ಲೂ ಮೈನಸ್ ಕೇಬಲ್ ಕಳಚಿಕೊಂಡಿದೆ, ಡೀಲರ್ ಕೆಲಸ ಸರಿಯಿಲ್ಲ, ಪ್ಲೀಸ್ ಚೆಕ್. ನಮ್ಮವರು ಇಷ್ಟು ಒಗ್ಗಟ್ಟಿನಿಂದ ಯಾವ ಕೆಲಸವನ್ನೂ ಮಾಡಿದ್ದು ನಾನು ಕಂಡಿಲ್ಲ. ಎಲ್ಲರೂ ಮನೆಯಿಂದ ಸ್ಪ್ಯಾನರ್ ತಂದು ಬಿಗಿ ಮಾಡಿದ್ದರು. ಎಲ್ಲರೂ ಕೀ ತಿರುಗಿಸಿ ನೋಡಿದ್ದರು. ಕೆಲವರು ಮಕ್ಕಳನ್ನು ಕೂರಿಸಿ ಹಾರ್ನ್ ಒತ್ತಿಸಿದ್ದರು. ವ್ರತ ಮಾತ್ರ ಯಾರದೂ ಕೆಟ್ಟಿರಲಿಲ್ಲ.

ಮತ್ತೆ ಎಲ್ಲವನ್ನೂ ಚಾರ್ಜ್ ಮಾಡಿ, ಕೇಬಲ್ ಬಿಚ್ಚಿ, ಈ ಸಲ ತುದಿಗೆ ಟೇಪ್ ಸುತ್ತಿದೆ. ಇಂಗ್ಲಿಷ್ ಚೀಟಿ ಕಿತ್ತೆಸೆದು ಕನ್ನಡದಲ್ಲಿ ಬರೆದೆ: ಸಂಕ್ರಾಂತಿಯ ತನಕ ಕೀ ಮುಟ್ಟಬಾರದು, ಮುಟ್ಟಿದರೆ ದೋಷ. ಏನು ದೋಷ, ಯಾರಿಗೆ ದೋಷ ಎಂದು ಬರೆಯಲಿಲ್ಲ. ಅದರ ನಂತರ ಯಾರೂ ಸ್ಪ್ಯಾನರ್ ತರಲಿಲ್ಲ. ಹೊಸಬರಿಗೆ ಇದನ್ನು ಒಂದು ವಿಧಾನವೆಂದು ಹೇಳಿಕೊಡಬಹುದೋ ಇಲ್ಲವೋ ನನಗೆ ಇನ್ನೂ ತೀರ್ಮಾನವಾಗಿಲ್ಲ. ಕೆಲಸ ಮಾಡಿತು ಎಂಬುದನ್ನಷ್ಟೇ ದಾಖಲಿಸುತ್ತೇನೆ.

ಸಂಕ್ರಾಂತಿಯ ಹಿಂದಿನ ದಿನ ಉತ್ತರದ ಗಾಳಿ ಬಂತು. ಬೆಳಗ್ಗೆ ರಸ್ತೆಯೆಲ್ಲ ಹಿಮದ ಗಾಜು. ಬಿಡಿಭಾಗಗಳ ಕೋಣೆಯ ಬೀಗದ ಕೈ ಇದ್ದ ಕರ್ಟಿಸ್ ಲಿಟಲ್ ಎಲ್ಮ್ ಸೇತುವೆಯ ಆಚೆ ಸಿಕ್ಕಿಕೊಂಡಿದ್ದ. ಡ್ವೇನ್ ಮಾತ್ರ ತನ್ನ ಡೀಸೆಲ್ ಟ್ರಕ್ಕಿನಲ್ಲಿ ಎಲ್ಲರಿಗಿಂತ ಮೊದಲು ಬಂದು, ಆಫೀಸಿನ ಹೀಟರ್ ಮುಂದೆ ಕಾಫಿ ಹಿಡಿದು ಕೂತಿದ್ದ. ನಾನು ಮೀಟರ್ ಹಿಡಿದು ಸಾಲಿನುದ್ದಕ್ಕೂ ನಡೆದೆ. ಒಂದೊಂದೂ ತುಂಬಿತ್ತು. ಕೇಬಲ್ ಸಿಕ್ಕಿಸುತ್ತ ಹೋದೆ. ಚಳಿಯಲ್ಲಿ ಕೈ ಮರಗಟ್ಟಿದ್ದರೂ ಹಾಡು ಬರುತ್ತಿತ್ತು.

ಸಾಲಿನ ಕೊನೆಯದು ರವೀಂದ್ರನದು. ಅಲ್ಲಿ ಆಗಲೇ ಅವನ ಹೆಂಡತಿ ಸುಧಾ ಬೋನೆಟ್ ಎತ್ತಿ ನಿಂತಿದ್ದಳು. ಚಿಪ್ ತಯಾರಿಸುವ ಕಂಪನಿಯಲ್ಲಿ ಪರೀಕ್ಷೆ ಮಾಡುವ ಎಂಜಿನಿಯರ್, ರೇಷ್ಮೆ ಸೀರೆಯ ಮೇಲೆ ದಪ್ಪ ಜಾಕೆಟ್, ಕೈಯಲ್ಲಿ ಅವಳದೇ ಮೀಟರ್. ಪಕ್ಕದಲ್ಲಿ ಮೈಸೂರಿನಿಂದ ಬಂದಿಳಿದಿದ್ದ ಅವಳ ಮಾವ, ಅಂದರೆ ರವೀಂದ್ರನ ತಂದೆ, ವಿದ್ಯುತ್ ಮಂಡಳಿಯಲ್ಲಿ ದೊಡ್ಡ ಹುದ್ದೆಯಲ್ಲಿದ್ದು ನಿವೃತ್ತರಾದವರು, ಪಂಚೆಯ ಕೆಳಗೆ ಎರಡು ಜೊತೆ ಕಾಲುಚೀಲ.

ನಡೆದದ್ದು ಇಷ್ಟು. ಎರಡು ದಿನದ ಹಿಂದೆ ಮಾವನವರಿಗೆ ಟ್ರ್ಯಾಕ್ಟರ್ ತೋರಿಸಲು ರವೀಂದ್ರ ಕರೆತಂದಿದ್ದ. ರವೀಂದ್ರ ಫೋನಿನಲ್ಲಿ ಮಾತಾಡುತ್ತಿದ್ದ, ಅವರಿಗೆ ಚೀಟಿ ಓದಲು ಕನ್ನಡಕ ಇರಲಿಲ್ಲ. ಬಿಚ್ಚಿಟ್ಟ ತಂತಿಯೊಂದನ್ನು ಕಂಡು ಸುಮ್ಮನಿರಲು ಮೂವತ್ತು ವರ್ಷದ ಸರ್ವಿಸು ಬಿಡಲಿಲ್ಲ. ಟೇಪ್ ಬಿಚ್ಚಿ ಜೋಡಿಸಿದರು, ಕೀ ತಿರುಗಿಸಿ ಲೈಟ್ ಬಂತೆಂದು ತೃಪ್ತಿಪಟ್ಟರು, ಲೈಟ್ ಆರಿಸದೆ ಹಾಗೇ ಬಿಟ್ಟು ಹೋದರು.

ಸುಧಾ ಗ್ಲೌಸ್ ತೆಗೆದು ಬ್ಯಾಟರಿಯ ಬದಿಯನ್ನು ಬೆರಳಿನಿಂದ ಒತ್ತಿದಳು. “ಹೊಟ್ಟೆ ಉಬ್ಬಿದೆ ಅಂಕಲ್. ಫ್ರೀಜ್ ಆಗಿದೆ.”

“ಬೇರೆ ಗಾಡಿ ಬ್ಯಾಟರಿಯಿಂದ ಒಂದು ಜಂಪ್ ಕೊಟ್ರೆ ಆಯ್ತಲ್ಲ,” ಎಂದರು ಮಾವ.

“ಹೆಪ್ಪುಗಟ್ಟಿದ್ದಕ್ಕ ಜಂಪ್ ಕೊಟ್ರ ಸಿಡೀತೈತ್ರೀ ಸರ. ನಿಮ್ಮ ಪಂಚೆ, ನನ್ನ ಮೀಸಿ, ಎರಡೂ ಹೋಗ್ತಾವ.”

ಇದನ್ನು ಮಾತ್ರ ಯಾರೂ ತಮಾಷೆ ಎಂದು ಓದಬಾರದು. ಉಬ್ಬಿದ ಬ್ಯಾಟರಿಗೆ ಚಾರ್ಜರನ್ನೂ ಹಾಕಬೇಡಿ, ಜಂಪನ್ನೂ ಕೊಡಬೇಡಿ. ಅದನ್ನು ತೆಗೆದು ಬೇರೆ ಹಾಕುವುದೊಂದೇ ದಾರಿ.

ಬೇರೆಯದು ಕರ್ಟಿಸ್‌ನ ಬೀಗದೊಳಗಿತ್ತು. ಸಾಲಿನ ಇನ್ನೊಂದು ಟ್ರ್ಯಾಕ್ಟರಿನಿಂದ ತೆಗೆದರೆ ಅದು ಸ್ಟಾರ್ಟ್ ಆಗುವುದಿಲ್ಲ. ಕಾರುಗಳು ಒಂದೊಂದಾಗಿ ಜಾರುತ್ತ ಗೇಟಿನೊಳಗೆ ಬರುತ್ತಿದ್ದವು. ಭಟ್ಟರು ಆರತಿ ತಟ್ಟೆ ಇಳಿಸುತ್ತಿದ್ದರು. ಮೊದಲು ಜಮೀನು ಕೊಂಡವನು ಎಂಬ ಕಾರಣಕ್ಕೆ ಮೊದಲ ಪೂಜೆ ರವೀಂದ್ರನ ಗಾಡಿಗೇ. ನನಗೆ ಗಿರಿಜಾ ಸೊಂಟಕ್ಕೆ ಬಿಸಿನೀರಿನ ಚೀಲ ಕಟ್ಟಿಕೊಂಡು ಸೋಫಾದಲ್ಲಿ ಕೂತಿರುವುದು ಕಾಣಿಸಿತು. ನಾಳೆಯಿಂದ ಆ ಸೋಫಾದ ಇನ್ನೊಂದು ತುದಿಯಲ್ಲಿ ನಾನು.

ಸುಧಾ ಅಂಗಳದ ಆಚೆ ಬದಿಗೆ, ಡ್ವೇನ್‌ನ ಟ್ರಕ್ಕಿನ ಕಡೆಗೆ ನೋಡುತ್ತಿದ್ದಳು.

“ಅದು ಡೀಸೆಲ್ಲಾ ಅಂಕಲ್?”

“ಹೌದವಾ.”

“ಹಾಗಾದ್ರೆ ಎರಡಿರುತ್ತೆ.”

ಇರುತ್ತದೆ. ದೊಡ್ಡ ಡೀಸೆಲ್ ಟ್ರಕ್ಕಿಗೆ ಬ್ಯಾಟರಿ ಎರಡು. ಈ ಮಾತು ನನಗೂ ಗೊತ್ತಿತ್ತು, ಆದರೆ ಮೇಲಧಿಕಾರಿಯ ಟ್ರಕ್ಕಿನ ಬಗ್ಗೆ ಹಾಗೆ ಯೋಚಿಸಲು ನನ್ನ ಬುದ್ಧಿಗೆ ಅಭ್ಯಾಸವಿರಲಿಲ್ಲ. ಮಾವನವರು ತಾವಾಗಿಯೇ ಪ್ರಾಯಶ್ಚಿತ್ತ ಮಾಡಿಕೊಂಡರು. ನೇರ ಆಫೀಸಿಗೆ ಹೋಗಿ ಡ್ವೇನ್‌ನ ಎದುರು ಕೂತು, ಕರ್ನಾಟಕದ ಗ್ರಾಮೀಣ ವಿದ್ಯುದೀಕರಣದ ಚರಿತ್ರೆಯನ್ನು ಮೊದಲಿನಿಂದ ಶುರು ಮಾಡಿದರು.

ಡ್ವೇನ್ ಟ್ರಕ್ಕಿಗೆ ಬೀಗ ಹಾಕುವವನಲ್ಲ. ನಾನು ಬೋನೆಟ್ ಎತ್ತಿದೆ. ಮೊದಲು ಎರಡೂ ಬ್ಯಾಟರಿಗಳ ಮೈನಸ್, ಆಮೇಲೆ ಪ್ಲಸ್. ಬಿಚ್ಚಿದ ಪ್ಲಸ್ ತುದಿಗೆ ಚಿಂದಿ ಸುತ್ತಿದಳು ಸುಧಾ, ಯಾಕೆಂದರೆ ಉಳಿಯುವ ಬ್ಯಾಟರಿಯಿಂದ ಅದರಲ್ಲಿ ಕರೆಂಟ್ ಇರುತ್ತದೆ. ಉಳಿದದ್ದರ ಮೈನಸ್ ಮತ್ತೆ ಜೋಡಿಸಿ, ತೆಗೆದದ್ದನ್ನು ಪೂಜೆಯ ಹಣ್ಣಿನ ಬುಟ್ಟಿಯಲ್ಲಿಟ್ಟು, ಮೇಲೆ ಬಾಳೆ ಎಲೆ ಮುಚ್ಚಿ ಸಾಗಿಸಿದೆವು. ಬುಟ್ಟಿಯ ವಿಷಯ ಸುಧಾ ಒಪ್ಪುವುದಿಲ್ಲ, ತನ್ನ ಜಾಕೆಟ್ಟಿನಲ್ಲಿ ಸುತ್ತಿ ಒಯ್ದೆವು ಎನ್ನುತ್ತಾಳೆ. ನನ್ನ ಕೈಗೆ ಬುಟ್ಟಿಯ ಭಾರ ನೆನಪಿದೆ, ಆದರೆ ಕೈಯ ನೆನಪನ್ನೂ ನಾನು ಪೂರ್ತಿ ನಂಬುವುದಿಲ್ಲ.

ಬ್ಯಾಟರಿ ದೊಡ್ಡದು, ಟ್ರ್ಯಾಕ್ಟರಿನ ತಟ್ಟೆಯಲ್ಲಿ ಕೂರಲಿಲ್ಲ. ಹಗ್ಗದಲ್ಲಿ ಬಿಗಿದು ನಿಲ್ಲಿಸಿದೆವು. ಬೋನೆಟ್ ಮುಚ್ಚಲಿಲ್ಲ. ಅದರ ಮೇಲೆ ಚೆಂಡುಹೂವಿನ ಹಾರ, ಹಾರದ ಮೇಲೆ ಸುಧಾಳ ಶಾಲು, ಶಾಲಿನ ಮೇಲೆ ಭಟ್ಟರ ಅಕ್ಷತೆ. ಇಷ್ಟು ಭಕ್ತಿಯಿಂದ ಅಲಂಕಾರಗೊಂಡ ಎಂಜಿನ್ ಆ ಸೀಮೆಯಲ್ಲಿ ಇನ್ನೊಂದಿರಲಿಲ್ಲ. ಮಂಗಳಾರತಿಯಾಯಿತು. ರವೀಂದ್ರ ಕೀ ತಿರುಗಿಸಿದ. ಒಂದೇ ಸಲಕ್ಕೆ ಸ್ಟಾರ್ಟ್ ಆಯಿತು. ಚಕ್ರದ ಕೆಳಗಿನ ನಿಂಬೆಹಣ್ಣು ಹಿಮದ ಮೇಲೆ ಪಚಕ್ಕೆಂದಿತು. ಆಮೇಲೆ ಸಾಲಿನಲ್ಲಿ ಒಂದರ ಹಿಂದೆ ಒಂದು, ತಿಂಗಳಿಂದ ಯಾರೂ ಎಬ್ಬಿಸದ ಟ್ರ್ಯಾಕ್ಟರುಗಳೆಲ್ಲ ಎದ್ದವು. ಡ್ವೇನ್ ಎಳ್ಳುಬೆಲ್ಲ ಅಗಿಯುತ್ತ ಚಪ್ಪಾಳೆ ತಟ್ಟಿದ.

ಮಧ್ಯಾಹ್ನದ ಹೊತ್ತಿಗೆ ಅವನು ಮನೆಗೆ ಹೊರಟ. ಟ್ರಕ್ಕು ಒಂದು ಸಲ ನರಳಿ ಸುಮ್ಮನಾಯಿತು.

ಡ್ವೇನ್ ಕಿಟಕಿ ಇಳಿಸಿ, ಬೆಳಗ್ಗೆಯಷ್ಟೇ ಓಡಿಸಿದ ಗಾಡಿ ಇದು ಎಂದ. ನಾನು ಓಡಿ ಹೋಗಿ, ಕೆಳಗಿಳಿಯಬೇಡಿ, ಗಾಳಿ ಕೆಟ್ಟದಾಗಿದೆ, ಬೋನೆಟ್ ಲಿವರ್ ಎಳೆದರೆ ಸಾಕು, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಎಂದೆ. ಎತ್ತಿದ ಬೋನೆಟ್ಟಿನ ಹಿಂದೆ ಅವನಿಗೆ ಏನೂ ಕಾಣುತ್ತಿರಲಿಲ್ಲ. ಸುಧಾ ಹಾರ ತೊಟ್ಟ ಟ್ರ್ಯಾಕ್ಟರನ್ನು ಟ್ರಕ್ಕಿನ ಮೂತಿಗೆ ತಂದು ನಿಲ್ಲಿಸಿ, ಜಂಪರ್ ಕೇಬಲ್ ಹಾಕಿದಳು. ಡ್ವೇನ್‌ನ ಒಂದು ಬ್ಯಾಟರಿ ಡ್ವೇನ್‌ನ ಇನ್ನೊಂದು ಬ್ಯಾಟರಿಯನ್ನು ಎಬ್ಬಿಸಿತು.

ಕ್ಲಿಪ್ ಬಿಚ್ಚುತ್ತ ಸುಧಾ ಕೇಳಿದಳು, “ಇವರದ್ದು ವಾಪಸ್ ಯಾವಾಗ ಕೊಡೋಣ ಅಂಕಲ್?”

“ನಾಳೆ ಕರ್ಟಿಸ್ ಬರ್ಲಿ ತಡಿಯವಾ.”

ಏನಂತೆ ಎಂದು ಡ್ವೇನ್ ಒಳಗಿನಿಂದ ಕೇಳಿದ. ನಿಮ್ಮ ಟ್ರಕ್ಕಿಗೆ ಆಯುಷ್ಯ ಹೆಚ್ಚಲಿ ಎಂದು ಹರಸುತ್ತಿದ್ದಾಳೆ ಎಂದೆ.

ನನ್ನ ಕೆಲಸ ಉಳಿಯಿತು. ವರ್ಷಗಳ ನಂತರ ನನ್ನ ಬೀಳ್ಕೊಡುಗೆಯ ಊಟದಲ್ಲಿ ಡ್ವೇನ್ ಈ ಕಥೆಯನ್ನು ಎಲ್ಲರಿಗೂ ಹೇಳಿದ. ಅವನ ಕಥೆಯಲ್ಲಿ ಬ್ಯಾಟರಿಯನ್ನು ಬಿಚ್ಚಿ ಕೊಟ್ಟವನು ಅವನೇ. ಹೇಳುವಾಗ ಅವನ ಕಣ್ಣು ಒದ್ದೆಯಾಗಿತ್ತು. ಅವನಿಗೆ ಯಾರು ಯಾವಾಗ ಹೇಳಿದರೋ ನನಗೆ ತಿಳಿಯದು. ನಾನು ಎದ್ದು ಧನ್ಯವಾದ ಹೇಳಿದೆ.

ಆ ಚಳಿಗಾಲ ನಮ್ಮ ಅಂಗಳದಲ್ಲಿ ಸತ್ತ ಬ್ಯಾಟರಿ ಆ ಒಂದೇ. ಆಸ್ಟಿನ್‌ನಲ್ಲಿದ್ದ ನಮ್ಮ ಕಂಪನಿಯ ತರಬೇತಿ ವಿಭಾಗದವರು ಕಾರಣ ಕೇಳಿ ಫೋನ್ ಮಾಡಿದರು. ಆಸಿಡ್ಡು, ವೋಲ್ಟು ಎಂದು ನಾನು ಬಾಯಿ ತೆರೆಯುವಷ್ಟರಲ್ಲಿ ಡ್ವೇನ್ ಫೋನ್ ಕಿತ್ತುಕೊಂಡು, ಇದು ಬಹಳ ಪುರಾತನವಾದದ್ದು ಎಂದ. ಅದು ಕಂಪನಿಯ ಎಲ್ಲ ಶಾಖೆಗಳಿಗೂ ನಿಯಮವಾಯಿತು. ಡಿಸೆಂಬರ್ ನಡುವಿನಿಂದ ಸಂಕ್ರಾಂತಿಯವರೆಗೆ ಕೇಬಲ್ ಬಿಚ್ಚಿಡಬೇಕು, ಚಾರ್ಜ್ ತುಂಬಿರಬೇಕು, ಯಾರೂ ಕೀ ಮುಟ್ಟಬಾರದು. ಹ್ಯೂಸ್ಟನ್‌ನಲ್ಲಿ ಆ ದಿನಗಳಲ್ಲಿ ಜನ ಬೆವರು ಒರೆಸಿಕೊಳ್ಳುತ್ತಿರುತ್ತಾರೆ, ಅಲ್ಲಿ ಬ್ಯಾಟರಿ ಸಾಯುವುದು ಬೇಸಿಗೆಯ ಸೆಕೆಗೆ. ಆದರೂ ಅಲ್ಲಿನ ಮೆಕ್ಯಾನಿಕ್‌ಗಳು ಪ್ರತಿ ಡಿಸೆಂಬರಿನಲ್ಲಿ ಟೋಪಿ ತೆಗೆದು ಕೇಬಲ್ ಬಿಚ್ಚುತ್ತಾರಂತೆ. ನಮಗೆ ಆಷಾಢ ಎಂಬ ಇನ್ನೊಂದು ತಿಂಗಳೂ ಇದೆ, ಅದು ಸರಿಯಾಗಿ ಅವರ ಬೇಸಿಗೆಗೇ ಬೀಳುತ್ತದೆ ಎಂದು ಹೇಳಬೇಕೆನಿಸಿ ಒಮ್ಮೆ ಫೋನ್ ಎತ್ತಿಕೊಂಡಿದ್ದೆ. ಇಟ್ಟುಬಿಟ್ಟೆ.

ಈ ಕೆಲಸಕ್ಕೆ ಬರುವವರಲ್ಲಿ ನನ್ನದೊಂದೇ ಕೋರಿಕೆ. ಮೇಲೆ ಬರೆದ ಆಸಿಡ್ಡು, ನೀರು, ವೋಲ್ಟುಗಳನ್ನೆಲ್ಲ ನೀವು ಚೆನ್ನಾಗಿ ತಿಳಿದುಕೊಳ್ಳಿ, ಆದರೆ ನಿಮ್ಮ ಮ್ಯಾನೇಜರಿಗೆ ಹೇಳಬೇಡಿ. ಕೇಬಲ್ ಬಿಚ್ಚುವುದು ಬರೀ ರಸಾಯನಶಾಸ್ತ್ರ ಎಂದು ಗೊತ್ತಾದರೆ, ಬರುವ ಶುಕ್ರವಾರವೇ ಎಲ್ಲವನ್ನೂ ಸ್ಟಾರ್ಟ್ ಮಾಡಿಸುತ್ತಾರೆ.